ಜಟ್ಟೆಪ್ಪ ಮುಕ್ಕು ಮಾಡಿದ ಬಾಚಿ

ಬಹಳ ಹಿಂದೆ, ಹೊಳೆ ಇನ್ನೂ ಊರಿನ ಪಡುವಣಕ್ಕೆ ಹರಿಯುತ್ತಿದ್ದಾಗ, ಇದೇ ಊರಿನಲ್ಲಿ ಗಾಣದ ಜಟ್ಟೆಪ್ಪ ಅಂತ ಒಬ್ಬನಿದ್ದನಂತೆ. ಹುಟ್ಟಿದ್ದು ಎಣ್ಣೆ ತೆಗೆಯುವ ಮನೆಯಲ್ಲಿ. ಆದರೆ ಕೈ ಒಂದು ಕಡೆ ನಿಂತದ್ದೇ ಇಲ್ಲ. ಮುರಿದ ಮೂಳೆ ಕಟ್ಟುತ್ತಿದ್ದನಂತೆ, ಬಯಲಾಟಕ್ಕೆ ಮದ್ದಳೆ ಬಾರಿಸುತ್ತಿದ್ದನಂತೆ, ಜೇನು ಬಿಡಿಸುತ್ತಿದ್ದನಂತೆ, ಬಡಿಗತನವನ್ನೂ ನೋಡಿ ನೋಡಿಯೇ ಕಲಿತಿದ್ದನಂತೆ. ಅವನ ಗಾಣದ ಎತ್ತು ಮಾತ್ರ ಕೆಲಸವಿಲ್ಲದೆ ತಿಂದು ತಿಂದು ದಪ್ಪಗಾಗಿತ್ತಂತೆ. ನಗಬೇಡಿ, ನಿಜ!

ಇಷ್ಟೆಲ್ಲ ಮಾಡುವವನ ಹತ್ತಿರ ಗಾಣ, ಎತ್ತು ಬಿಟ್ಟರೆ ಸ್ವಂತದ್ದು ಅಂತ ಒಂದು ಮೊಳೆಯೂ ಇರಲಿಲ್ಲ. ಎಲ್ಲವೂ ಬೇರೆಯವರದು. ಕೆಲಸ ಮುಗಿದ ಮೇಲೆ ತಂದ ಮನೆಗೆ ಕೊಡುತ್ತಿದ್ದನೇ? ಇಲ್ಲ. ಮುಂದೆ ಯಾರಿಗೆ ಬೇಕೋ ಅವರ ಮನೆಗೆ ಮುಟ್ಟಿಸಿಬಿಡುತ್ತಿದ್ದ. ಗೌಡರ ಹಾರೆ ಕುಂಬಾರರಲ್ಲಿ, ಕುಂಬಾರರ ಸನಿಕೆ ನೇಕಾರರಲ್ಲಿ. ಜನ ಬೈಯುತ್ತಲೇ ಕೊಡುತ್ತಿದ್ದರಂತೆ. ಅವನ ನಗುಮುಖ ನೋಡಿದರೆ ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ.

ಬಡಿಗೇರ ಕಾಳಪ್ಪನಿಗೆ ಮಾತ್ರ ಇದು ಸರಿಬರಲಿಲ್ಲ. ಮರ ಕೆತ್ತುವ ಅವನ ಬಾಚಿ ಸತ್ತ ಅಪ್ಪನದು. ಅದರ ಹಿಡಿಯಲ್ಲಿ ಅಪ್ಪನ ಹೆಬ್ಬೆರಳಿನ ಗುಳಿ ಬಿದ್ದಿತ್ತು, ತನ್ನ ಬೆರಳು ಅಲ್ಲಿ ಕೂತರೆ ಕಾಳಪ್ಪನಿಗೆ ಅಪ್ಪ ಪಕ್ಕದಲ್ಲೇ ಇದ್ದಂತೆ. ಒಂದು ದಿನ ತೊಟ್ಟಿಲು ಮಾಡಲು ಹುಡುಕಿದರೆ ಬಾಚಿ ಇಲ್ಲ, ಜಟ್ಟೆಪ್ಪ ಕೇಳದೆಯೇ ಒಯ್ದಿದ್ದ. ಏಳು ಮನೆ ಅಲೆದನಂತೆ. ಏಳನೆಯ ಮನೆಯಲ್ಲಿ ಅದರಿಂದ ಬೆಲ್ಲ ಒಡೆಯುತ್ತಿದ್ದರಂತೆ!

ಅಬ್ಬಬ್ಬಾ, ಕಾಳಪ್ಪನ ಸಿಟ್ಟು! ಕಟ್ಟೆಗೆ ಹಿರಿಯರನ್ನು ಕೂಡಿಸಿದ. "ನಮ್ಮಪ್ಪನ ಬಾಚೀನ ಊರ ಮ್ಯಾಲೆ ಬಿಡಾಕ ಅದೇನು ದೇವರ ಹೋರಿ ಏನ?" ಅಂತ ಕೂಗಿದ. ಇನ್ನು ಮುಂದೆ ಯಾರ ಸಾಮಾನನ್ನೂ ಕೇಳದೆ ಮುಟ್ಟುವುದಿಲ್ಲ ಅಂತ ಜಟ್ಟೆಪ್ಪನಿಂದ ಆಣೆ ಮಾಡಿಸಿದರಂತೆ. ಜಟ್ಟೆಪ್ಪ ತಲೆತಗ್ಗಿಸಿ ಒಪ್ಪಿದ. ಕಾಳಪ್ಪ ಬಾಚಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ.

ತಿಂಗಳಾಗಿರಲಿಲ್ಲ. ಊರ ಬಾವಿಯೊಳಗಿನ ತೊಲೆ ಸಡಿಲವಾಗಿದೆ ಅಂತ ಕಾಳಪ್ಪ ಕೆಳಗಿಳಿದಿದ್ದಾಗ ಕಲ್ಲುಗೋಡೆ ಜರಿಯಿತು. ತೊಲೆ ಅವನ ಕಾಲಿನ ಮೇಲೆ ಬಿತ್ತು. ಸೆಲೆ ಒಡೆದು ನೀರು ಏರತೊಡಗಿತು, ಮೊಣಕಾಲಿಗೆ, ಸೊಂಟಕ್ಕೆ.

ಜನ ಕೈಗೆ ಸಿಕ್ಕಿದ್ದು ಹಿಡಿದು ಓಡಿಬಂದರು. ಜಟ್ಟೆಪ್ಪ ದಡದಲ್ಲಿ ಕೈ ಹಿಂದಕ್ಕೆ ಕಟ್ಟಿ ನಿಂತಿದ್ದನಂತೆ, ಆಣೆಯಾಗಿತ್ತಲ್ಲ! ಆದರೆ ಬಾಯಿಗೆ ಆಣೆ ಇರಲಿಲ್ಲ. ಗೌಡರ ಹಗ್ಗ ಬೇಡ, ನಡುವೆ ಇಲಿ ಕಡಿದಿದೆ, ನೇಕಾರ ನೀಲವ್ವನ ಹಗ್ಗ ತನ್ನಿ ಅಂದ. ಆ ಏಣಿಯ ಮೂರನೇ ಮೆಟ್ಟಿಲು ಮೋಸ, ಕಾಲಿಡಬೇಡಿ ಅಂದ. ಊರಿನ ಒಂದೊಂದು ಸಾಮಾನಿನ ಗುಣವೂ ಆ ಕೈಗೆ ಗೊತ್ತಿತ್ತು. ಕೆಳಗೆ ಕಾಳಪ್ಪ ಅವನ ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದ.

ತೊಲೆ ಕಡಿಯದೆ ಕಾಲು ಬಿಡುವಂತಿರಲಿಲ್ಲ. ಆ ಇಕ್ಕಟ್ಟಿನಲ್ಲಿ ಕೊಡಲಿ ಬೀಸಲು ಜಾಗವಿಲ್ಲ. ನೀರು ಎದೆಗೆ ಬಂತು. ಜಟ್ಟೆಪ್ಪ ಬಗ್ಗಿ, "ಕಾಳಣ್ಣಾ, ನಿನ್ನ ಬಾಚಿ ತಗೊಳ್ಳಲೇನು?" ಅಂತ ಕೇಳಿದನಂತೆ.

ಕಾಳಪ್ಪನಿಗೆ ನಾಚಿಕೆಯಿಂದ ಅಳು ಬಂತು. "ಪೆಟ್ಟಿಗಿ ಒಡದು ತಗೊಂಡು ಬಾರೋ, ತಮ್ಮಾ!"

ಜಟ್ಟೆಪ್ಪ ತಾನೇ ಇಳಿದನಂತೆ. ಕುತ್ತಿಗೆಯ ತನಕ ನೀರು, ಕಣ್ಣಿಗೆ ಏನೂ ಕಾಣದು. ಎಡಗೈಯಲ್ಲಿ ಕಾಳಪ್ಪನ ಕಾಲು ತಡವುತ್ತ, ಬಲಗೈಯಲ್ಲಿ ಕೆತ್ತಿದ. ಕೊನೆಯ ಏಟಿಗೆ ತೊಲೆ ಮುರಿಯಿತು, ಬಾಚಿ ಕಲ್ಲಿಗೆ ಬಡಿದು ಬಾಯಿ ಮುಕ್ಕಾಯಿತು.

ಮೇಲೆ ಬಂದ ಮೇಲೆ ಜಟ್ಟೆಪ್ಪ ಕಾಳಪ್ಪನ ಕಾಲು ನೆಟ್ಟಗೆ ಕಟ್ಟಿದ. ಆಮೇಲೆ ಬಾಚಿ ಮುಂದಿಟ್ಟು, ನಿಮ್ಮಪ್ಪನದು ಕೆಡಿಸಿದೆ ಅಂತ ಕಣ್ಣೀರು ಹಾಕಿದನಂತೆ. ಕಾಳಪ್ಪ ಆ ಮುಕ್ಕನ್ನು ಬೆರಳಿನಿಂದ ಸವರಿ, ಬಾಚಿಯನ್ನು ತಿರುಗಿ ಅವನ ಕೈಗೇ ಇಟ್ಟ. "ಮುಂದಿನ ಮನಿಗೆ ಕೊಡು" ಅಂದ.

ಇವತ್ತಿಗೂ ನಮ್ಮೂರಿನಲ್ಲಿ ತಂದ ಸಾಮಾನನ್ನು ತಂದ ಮನೆಗೆ ಕೊಡುವುದಿಲ್ಲ, ಮುಂದಿನ ಮನೆಗೆ ಕೊಡುತ್ತೇವೆ. ಕೊಡುವಾಗ "ಜಟ್ಟೆಪ್ಪ ಕಳಿಸ್ಯಾನ" ಅನ್ನಬೇಕು, ಇಸಕೊಳ್ಳುವವರು ಅದರ ಕುಂದು ಏನು ಅಂತ ಕೇಳಿ ತಿಳಿಯಬೇಕು. ಆ ಬಾಚಿಯೂ ಇದೆ. ಹಿಡಿಯಲ್ಲಿ ಹೆಬ್ಬೆರಳಿನ ಗುಳಿ ಈಗ ಎಷ್ಟು ಆಳವೆಂದರೆ ಯಾರ ಬೆರಳಾದರೂ ಕೂರುತ್ತದೆ. ತೋರಿಸು ಅಂತೀರೇನು? ಮೊನ್ನೆ ನಮ್ಮ ಮನೆಯಲ್ಲಿತ್ತು. ಕಳಿಸಿದೆ.