ಫಕೀರವ್ವ ಬೆರೆಸಿದ ಒಂದು ಹಿಡಿ ಗೋಧಿ

ಫಕೀರವ್ವನ ಹಿಟ್ಟಿನ ಗಿರಣಿಗೆ ಹೋಗುವವರು ಎರಡು ಡಬ್ಬಿ ಒಯ್ಯಬೇಕು ಎಂದು ಓಣಿಯಲ್ಲಿ ನಗೆಯಾಡುತ್ತಿದ್ದರು. ಒಂದು ಕಾಳಿಗೆ, ಇನ್ನೊಂದು ಅವಳ ಬೈಗುಳಕ್ಕೆ. ಜೋಳದಲ್ಲಿ ಒಂದು ಹರಳು ಕಂಡರೆ ಸಾಕು, "ನಿಮ್ಮ ಮನ್ಯಾಗ ಮೊರ ಇಲ್ಲೇನವಾ, ಇಲ್ಲಾ ಮೊರಾ ಹಿಡಿಯೋ ಕೈ ಇಲ್ಲೇನು?" ಎಂದು ಸಾಲಿನವರಿಗೆಲ್ಲ ಕೇಳುವ ಹಾಗೆ ಅನ್ನುತ್ತಿದ್ದಳು. ಆದರೂ ಜನ ಅಲ್ಲಿಗೇ ಬರುತ್ತಿದ್ದರು. ಹಿಟ್ಟು ಮಲ್ಲಿಗೆಯಂತೆ ನುಣ್ಣಗಿರುತ್ತಿತ್ತು. ಕಂಕುಳಲ್ಲಿ ಕೂಸಿದ್ದವಳನ್ನು ಸಾಲು ಬಿಡಿಸಿ ಮುಂದೆ ಕರೆಯುತ್ತಿದ್ದವಳೂ ಅವಳೇ.

ಒಂದು ದಿನ ಅದೇ ಓಣಿಯ ಸೊಸೆ ಶಶಿಕಲಾ ಆರು ವರ್ಷದ ಮಗಳು ಸೃಷ್ಟಿಯ ಕೈ ಹಿಡಿದುಕೊಂಡು ಗಿರಣಿಗೆ ಬಂದಳು.

"ದೊಡ್ಡವ್ವ, ಇನ್ನ ಮುಂದ ನಮ್ಮ ಜೋಳಾ ಸೋಮವಾರ ಮುಂಜಾನೆ ಎಲ್ಲಾರಕಿಂತ ಮೊದ್ಲ ಬೀಸಿ ಕೊಡ್ರಿ. ಕಲ್ಲು ಝಾಡಿಸಿ, ಬ್ರಶ್ ಹಚ್ಚಿ, ಆಮ್ಯಾಲ ಬೀಸಬೇಕು. ಗೋದಿ ಹಿಟ್ಟಿನ ಧೂಳಾ ಸುದ್ದಾ ಇರಬಾರದು."

"ಯಾಕವಾ, ಗೋದಿ ನಿಮ್ಮ ಮನಿ ಕೂಡ ಜಗಳಾ ತಗದೈತೇನು?"

"ಸೃಷ್ಟಿಗೆ ಗೋದಿ ಆಗಂಗಿಲ್ಲಂತ. ದೊಡ್ಡ ದವಾಖಾನ್ಯಾಗ ರಕ್ತ ನೋಡ್ಯಾರ, ಬಾಯಾಗ ನಳಿ ಇಳಿಸಿ ನೋಡ್ಯಾರ. ಗೋದಿ ಹೋತಂದ್ರ ಅಕಿ ಕರುಳಿನ ಒಳಗೋಡಿ ಸವೀತೈತಂತ. ಎಷ್ಟ ಉಂಡ್ರೂ ಭೇದಿ ಆಗಿ ಹೋಗತೈತಿ, ಮೈಗೆ ಹತ್ತಂಗಿಲ್ಲಂತ."

ಸಾಲಿನಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಫಕೀರವ್ವನಿಗೆ ಅಷ್ಟೇ ಸಾಕಾಯಿತು.

"ಒಬ್ಬಾಕಿಗೆ ಹಾಲು ಆಗಂಗಿಲ್ಲ. ಒಬ್ಬಾಂವಗ ಶೇಂಗಾ ಆಗಂಗಿಲ್ಲ. ಈಗ ನಿನ್ನ ಮಗಳಿಗೆ ಗೋದಿ. ನಾಳಿಗೆ ನೀರೂ ಆಗಂಗಿಲ್ಲ ಅಂತೀರಿ. ನಮ್ಮ ಕಾಲಕ್ಕ ಕಲ್ಲ ತಿಂದು ಕರಗಸ್ತಿದ್ವಿ ನೋಡು."

ಶಶಿಕಲಾ ಏನೂ ಕಡಿಮೆಯವಳಲ್ಲ. "ಕರಗಿಸಿದವರು ಇಲ್ಲಿ ಕುಂತೀರಿ, ದೊಡ್ಡವ್ವ. ಕರಗಿಸಲಾರದವರು ಎಲ್ಲಿ ಹೋದ್ರು ಅಂತ ಯಾರನ್ನ ಕೇಳೂಣು?" ಎಂದಳು.

ಫಕೀರವ್ವ ಮೋಟರಿನ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನುವಂತೆ ತಿರುಗಿಕೊಂಡಳು. ಆದರೂ ಕೆಲಸವನ್ನು ಒಪ್ಪಿಕೊಂಡಳು.

ಸೋಮವಾರ ಹೇಳಿದ ಹಾಗೆಯೇ ಕಲ್ಲು ಬಿಚ್ಚಿ ಬ್ರಶ್ ಹಾಕಿದಳು. ಹಿಟ್ಟು ಬೀಳುವ ಬಟ್ಟೆಯ ತೋಳನ್ನೂ ಒಗೆದು ಕಟ್ಟಿದಳು. ಬೈಯುತ್ತಲೇ ಮಾಡಿದಳು, ಆದರೆ ಕೊರತೆ ಇಲ್ಲದಂತೆ ಮಾಡಿದಳು. ಶಶಿಕಲಾ ಡಬ್ಬಿ ಇಟ್ಟು, ನೀರು ಬಂದಿದೆ ಎಂದು ಮನೆಗೆ ಓಡಿದಳು. ಸೃಷ್ಟಿ ಮಾತ್ರ ಕಟ್ಟೆಯ ಮೇಲೆ ಕೂತಿದ್ದಳು. ಸಜ್ಜೆಯ ದಂಟಿನಂಥ ಕಾಲು. ಲಂಗದೊಳಗೆ ಗಡಿಗೆಯಂತೆ ಮುಂದೆ ಬಂದ ಹೊಟ್ಟೆ. ಆ ವಯಸ್ಸಿನ ಮಕ್ಕಳು ಗಿರಣಿಗೆ ಬಂದರೆ ಹಿಟ್ಟಿನಲ್ಲಿ ಕೈ ಅದ್ದಿ ಗೋಡೆಗೆ ಒತ್ತದೆ ಬಿಡುವುದಿಲ್ಲ. ಇವಳು ಇಟ್ಟ ಚೀಲದಂತೆ ಕೂತಲ್ಲೇ ಕೂತಿದ್ದಳು.

ಫಕೀರವ್ವ ಅವಳನ್ನೇ ನೋಡಿದಳು. ಆ ಸೀಮೆಯಲ್ಲಿ ಜೋಳ ದಿನದ ಊಟ, ಗೋಧಿ ಮರ್ಯಾದೆಯ ಊಟ. ಅಳಿಯ ಬಂದರೆ ಗೋಧಿ. ಬಾಣಂತಿಗೆ ಶಕ್ತಿ ಬರಲಿ ಎಂದು ಗೋಧಿ. ಅಂಥದ್ದನ್ನು ಸೊರಗಿದ ಕೂಸಿನ ಬಾಯಿಂದ ಕಿತ್ತುಕೊಳ್ಳುವುದು ಎಂಥ ತಾಯ್ತನ? ಓದಿದವರ ಮಾತು ಕೇಳಿ ಈ ಹುಡುಗಿ ಮಗಳ ಬಾಯಿ ಕಟ್ಟುತ್ತಿದ್ದಾಳೆ ಎಂದುಕೊಂಡಳು. ತನ್ನ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಗೋಧಿ ತೆಗೆದಳು. ಶಶಿಕಲಾಳ ಜೋಳದಲ್ಲಿ ಬೆರೆಸಿ ಗಿರಣಿಗೆ ಸುರಿದಳು. ಐದು ಸೇರಿಗೆ ಒಂದು ಹಿಡಿ. ಯಾರ ಕಣ್ಣಿಗೂ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ದೇವರಿಗೆ ಮಾತ್ರ ತಿಳಿಯಲಿ ಎಂದು ಮಾಡಿದ ದಾನದಂತೆ ಅವಳಿಗೆ ಆ ದಿನವೆಲ್ಲ ಮನಸ್ಸು ಹಗುರವಾಗಿತ್ತು.

ಮುಂದಿನ ಸೋಮವಾರವೂ ಹಾಕಿದಳು. ಅದರ ಮುಂದಿನ ಸೋಮವಾರವೂ. ಹೀಗೆ ಮೂರು ತಿಂಗಳು ನಡೆಯಿತು.

ಮೂರು ತಿಂಗಳಾದ ಮೇಲೆ ಒಂದು ಸೋಮವಾರ ಶಶಿಕಲಾ ತಡವಾಗಿ ಬಂದಳು. ಆಗಲೇ ನಾಲ್ಕೈದು ಜನ ಸಾಲಿನಲ್ಲಿದ್ದರು. ಅವಳ ಕೈಯಲ್ಲಿ ಡಬ್ಬಿ ಇರಲಿಲ್ಲ. ಕಣ್ಣು ಊದಿತ್ತು.

"ಇನ್ನ ನಮ್ಮ ಸಲವಾಗಿ ಕಲ್ಲು ತೊಳೀಬ್ಯಾಡ್ರಿ, ದೊಡ್ಡವ್ವ. ಸುಮ್ಮನ ನಿಮಗ ತ್ರಾಸು."

"ಯಾಕ, ಕೂಸಿಗೆ ಆರಾಮಾತೇನು?"

"ಆರಾಮೆಲ್ಲಿ ಬಂತು. ಮತ್ತ ಅರ್ಧಾ ಕಿಲೋ ಇಳದಾಳ. ಶನಿವಾರ ಮತ್ತ ರಕ್ತ ನೋಡಿದ್ರು. 'ಹೊಟ್ಟ್ಯಾಗ ಗೋದಿ ಹೋಗಾಕತ್ತೈತಿ, ನೀವ ಕದ್ದು ತಿನ್ನಸಾಕತ್ತೀರಿ' ಅಂತ ಡಾಕ್ಟರಮ್ಮ ನನಗ ಬೈದ್ರು. ನಾನು ಅಡಗಿಮನ್ಯಾಗ ಕಳ್ಳನ್ನ ಹುಡುಕಿದಂಗ ಹುಡುಕೀನಿ. ಬಿಸ್ಕೀಟಿನ ಡಬ್ಬಿಗೆ ಕೀಲಿ ಹಾಕೀನಿ. ಅಕಿದು ರೊಟ್ಟಿ ಹಂಚು ಬ್ಯಾರೆ, ತಾಟು ಬ್ಯಾರೆ. ಇಂಗಿನಾಗ ಗೋದಿ ಹಿಟ್ಟಿರತೈತಂತ ಇಂಗೂ ಬಿಟ್ಟೀನಿ. ಇನ್ನೇನ ಮಾಡ್ಲಿ?"

"ನಿಮ್ಮತ್ತಿ ಏನಂತಾಳ?"

"ರೋಗನ ಸುಳ್ಳು ಅಂತಾರ. ಮೂರು ತಿಂಗಳ ನೀ ಅಂದಂಗ ನಡೀತು, ಏನ ಆತು ಅಂತ ಕೇಳ್ತಾರ. ನಾಳಿಯಿಂದ ಎಲ್ಲಾರಂಗ ಚಪಾತಿ ತಿನ್ನಲಿ, ಶುಕ್ರವಾರ ಕರಕೊಂಡು ಹೋಗಿ ಹೊಟ್ಟಿಗೆ ಬರಿ ಕೊಡಸೂಣು ಅಂದಾರ. ಮನಿಯವರೂ ಹೂಂ ಅಂದ್ರು. ಯಾವ ಬಾಯಿಲೆ ಬ್ಯಾಡ ಅನ್ಲಿ? ನಾನ ಸೋತೀನಿ."

ಹೊಟ್ಟೆಗೆ ಬರೆ ಎಂದರೆ ಕೆಂಡದಲ್ಲಿ ಕಾಯಿಸಿದ ಬಳೆಯ ಚೂರನ್ನು ಕೂಸಿನ ಹೊಟ್ಟೆಗೆ ಒತ್ತುವುದು. ಹೊಟ್ಟೆ ಉಬ್ಬಿದ ಮಕ್ಕಳಿಗೆ ಹಿಂದಿನವರು ಹಾಗೆ ಮಾಡಿಸುತ್ತಿದ್ದರು.

ಫಕೀರವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಅವಳಿಗೊಬ್ಬ ತಂಗಿ ಇದ್ದಳು, ದ್ಯಾಮವ್ವ ಅಂತ. ಐದು ವರ್ಷದ ಕೂಸು. ಇಂಥದ್ದೇ ಕಾಲು, ಇಂಥದ್ದೇ ಹೊಟ್ಟೆ. ದೃಷ್ಟಿ ಎಂದರು, ಗಾಳಿ ಎಂದರು, ಕೊನೆಗೆ ಬರೆ ಹಾಕಿಸಿದರು. ಹತ್ತು ವರ್ಷದ ಫಕೀರವ್ವನಿಗೆ "ಕಾಲು ಹಿಡಿ" ಎಂದು ಹೇಳಿದ್ದರು. ಅವಳು ಹಿಡಿದಿದ್ದಳು. ಮುಂದಿನ ಸುಗ್ಗಿಗೆ ದ್ಯಾಮವ್ವ ಇರಲಿಲ್ಲ. ಅವಳಿಗೆ ಏನಾಗಿತ್ತೋ ಈಗ ಹೇಳುವವರು ಯಾರೂ ಇಲ್ಲ. ಆಗಲೂ ಇರಲಿಲ್ಲ. ಮನೆಯಲ್ಲಿ ಅವಳ ಹೆಸರು ಎತ್ತುವುದನ್ನೇ ಬಿಟ್ಟರು. ಐವತ್ತು ವರ್ಷ ಬಿಟ್ಟು ಫಕೀರವ್ವನೂ "ನಮ್ಮ ಕಾಲಕ್ಕ ರೋಗನ ಇರಲಿಲ್ಲ" ಎಂದು ಎದೆ ತಟ್ಟಿಕೊಂಡು ಹೇಳುವವಳಾಗಿದ್ದಳು.

ಈಗ ಅವಳಿಗೆ ಎರಡು ದಾರಿ ಇದ್ದವು. ಬಾಯಿ ಮುಚ್ಚಿಕೊಂಡು, ಇವತ್ತಿನಿಂದ ಆ ಹಿಡಿಯನ್ನು ನಿಲ್ಲಿಸಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಶುಕ್ರವಾರಕ್ಕೆ ಉಳಿದದ್ದು ನಾಲ್ಕೇ ದಿನ. ನಾಲ್ಕು ದಿನದಲ್ಲಿ ಯಾವ ಕೂಸೂ ದಪ್ಪ ಆಗುವುದಿಲ್ಲ. ಬಾಯಿ ಬಿಟ್ಟರೆ ಗಿರಣಿಯ ಮಾನ ಹೋಗುತ್ತದೆ. ಅಂಗಡಿಯವನು ತೂಕದಲ್ಲಿ ಹೊಡೆದರೂ ಜನ ಮರೆತಾರು, ಕಾಳು ಬೆರೆಸಿದ ಗಿರಣಿಯವಳನ್ನು ಮರೆಯುವುದಿಲ್ಲ.

ಫಕೀರವ್ವ ಕೈ ಚಾಚಿ ಮೋಟರ್ ಆರಿಸಿದಳು. ಬೆಲ್ಟು ಸುತ್ತಿ ಸುತ್ತಿ ನಿಂತಿತು. ಸಾಲಿನವರೆಲ್ಲ ಅವಳ ಕಡೆ ನೋಡಿದರು.

"ಶಶಿಕಲಾ, ತಪ್ಪು ನಿನ್ನದಲ್ಲ. ಡಾಕ್ಟರಮ್ಮಂದೂ ಅಲ್ಲ. ವಾರಾ ವಾರಾ ನಿಮ್ಮ ಜೋಳದಾಗ ನಾನ ಒಂದ ಹಿಡಿ ಗೋದಿ ಹಾಕೀನಿ. ಕೂಸು ಗಟ್ಟಿ ಆಗ್ಲಿ ಅಂತ."

ಸಾಲಿನಲ್ಲಿದ್ದವಳೊಬ್ಬಳು ತನ್ನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಮೂರು ತಿಂಗಳಾ?" ಎಂದಳು ಶಶಿಕಲಾ.

"ಮೂರು ತಿಂಗಳ."

"ನಾ ಕೈ ಮುಗದು ಹೇಳಿದ್ನೆಲ್ಲ, ಧೂಳಾ ಸುದ್ದಾ ಬ್ಯಾಡ ಅಂತ. ಕಲ್ಲು ತೊಳದು ತೊಳದು ಹಾಕಿದ್ರೇನು? ನಾಯಿಗೆ ಹಾಕೂ ಮುಂದ ಸುದ್ದಾ ಅದಕ್ಕ ಏನ ಆಗತೈತಿ, ಏನ ಆಗಂಗಿಲ್ಲ ಅಂತ ನೋಡ್ತಾರ, ದೊಡ್ಡವ್ವ."

ಶಶಿಕಲಾ ಅಲ್ಲೇ ಯಾರದೋ ಡಬ್ಬಿಯ ಮೇಲೆ ಕೂತುಬಿಟ್ಟಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ನಡೀರಿ ನಮ್ಮ ಮನಿಗೆ. ಇಲ್ಲಿ ಅಂದ ಮಾತು ನಮ್ಮತ್ತಿ ಮುಂದ ಅನ್ರಿ."

ಶಶಿಕಲಾಳ ಅತ್ತೆ ಗೌರವ್ವ ಹೊರಸಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಫಕೀರವ್ವನ ಓರಗೆಯವಳು, ಇಬ್ಬರೂ ಒಂದೇ ವರ್ಷ ಆ ಓಣಿಗೆ ಮದುವೆಯಾಗಿ ಬಂದವರು. ಕತೆಯೆಲ್ಲ ಕೇಳಿ ಅವಳಿಗೆ ನಂಬಲಾಗಲಿಲ್ಲ.

"ಒಂದ ಹಿಡಿ ಗೋದಿಗೆ ಕೂಸು ಸೊರಗತೈತೇನ? ನೀನೂ ಇಕಿ ಬಣಾ ಸೇರಿದ್ಯಾ, ಫಕೀರಿ? ನಮ್ಮ ಕಾಲಕ್ಕ ಇತ್ತೇನ ಇದೆಲ್ಲ?"

"ನಮ್ಮ ಕಾಲಕ್ಕ ಗೋದಿ ಎಲ್ಲಿತ್ತ, ಗೌರಿ?" ಎಂದಳು ಫಕೀರವ್ವ. "ಹೋಳಿಗಿಗೆ, ಮದುವಿಗೆ. ನಾ ಗಿರಣಿಗೆ ಕುಂತ ಹೊಸದಾಗಿ ಹತ್ತು ಡಬ್ಬಿ ಬಂದ್ರ ಒಂಬತ್ತು ಜೋಳದ್ದು. ಈಗ ಹತ್ತರಾಗ ಏಳು ಗೋದಿದು. ಅದರ ಮ್ಯಾಲ ಹಗಲೆಲ್ಲ ಬಿಸ್ಕೀಟು, ಬ್ರೆಡ್ಡು. ರೋಗ ಹೆಚ್ಚಾಗೇತೋ, ನಮ್ಮ ತಿನ್ನೂದು ಬದಲಾಗೇತೋ, ಅದನ್ನ ಹುಡುಕಿ ಹೆಸರಿಡೂದ ಈಗ ಕಲ್ತಾರೋ, ನನಗ ತಿಳಿಯಂಗಿಲ್ಲ. ಮೂರೂ ಇರಬಹುದು. ಆದ್ರ ನಮ್ಮ ತಂಗಿ ದ್ಯಾಮವ್ವನ ರೋಗಕ್ಕ ಹೆಸರ ಇಡವರು ಇರಲಿಲ್ಲ. ಬರಿ ಕೊಡಬೇಕಾದ್ರ ಅಕಿ ಕಾಲ ನಾನ ಹಿಡದಿದ್ನಿ, ಆದ್ರೂ ಅಕಿ ಉಳೀಲಿಲ್ಲ. ಈ ಕೂಸಿನ ರೋಗಕ್ಕ ಹೆಸರೈತಿ, ದಾರಿ ಐತಿ. ಅದನ್ನ ನಾ ಕೆಡಿಸೀನಿ. ನನ್ನ ತಪ್ಪಿಗೆ ಅದರ ಹೊಟ್ಟಿ ಸುಡಬ್ಯಾಡ."

ಗೌರವ್ವ ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ಕೆಳಗಿಟ್ಟಳು. "ಇನ್ನೊಂದ ಮೂರು ತಿಂಗಳ ನೋಡೂಣು ತಗೋ" ಎಂದಳು. ಶುಕ್ರವಾರದ ಮಾತು ಅಲ್ಲಿಗೆ ನಿಂತಿತು.

ಮರುದಿನ ಫಕೀರವ್ವ ಹಿತ್ತಲಲ್ಲಿ ಬಿದ್ದಿದ್ದ ಬೀಸುವ ಕಲ್ಲನ್ನು ಹೊರತೆಗೆಸಿದಳು. ಕಲ್ಲಿನವನನ್ನು ಕರೆಸಿ ಮೇಲಿನ ಪದರವೆಲ್ಲ ಹೋಗುವ ತನಕ ಉಳಿಯಿಂದ ಕೆತ್ತಿಸಿದಳು. ಬಿಸಿನೀರಿನಲ್ಲಿ ಮೂರು ಸಲ ತೊಳೆದಳು. ಗಿರಣಿಯಿಂದ ದೂರ ಶಶಿಕಲಾಳ ಪಡಸಾಲೆಯಲ್ಲೇ ಅದನ್ನು ಹೂಡಿಸಿದಳು. ಪ್ರತಿ ಸೋಮವಾರ ಗಿರಣಿಯ ಬಾಗಿಲು ತೆರೆಯುವ ಮೊದಲು ಮಿಂದು, ಒಗೆದ ಸೀರೆ ಉಟ್ಟು ಹೋಗಿ, ಸೃಷ್ಟಿಯ ವಾರದ ಜೋಳವನ್ನು ಕೈಯಿಂದ ಬೀಸುತ್ತಿದ್ದಳು. ಓಣಿಯ ಕೆಲವರು ಬೇರೆ ಗಿರಣಿ ಹಿಡಿದರು. ಕೆಲವರು ಅವಳ ಎದುರಿಗೇ "ಕಲಬೆರಕಿ ಫಕೀರವ್ವ" ಎಂದರು. ಅಷ್ಟು ವರ್ಷ ಊರಿಗೆಲ್ಲ ಬೈದವಳು ಅದನ್ನು ಮಾತಿಲ್ಲದೆ ನುಂಗಿಕೊಂಡಳು.

ಮೊದಲ ತಿಂಗಳು ಏನೂ ತಿಳಿಯಲಿಲ್ಲ. ಎರಡನೇ ತಿಂಗಳು ಕೂಸಿನ ಭೇದಿ ನಿಂತಿತು. ಮೂರನೇ ತಿಂಗಳು ಸೃಷ್ಟಿ ಶಾಲೆಯಿಂದ ಓಡಿಕೊಂಡು ಬಂದಳು ಎಂದು ಗೌರವ್ವನೇ ಓಣಿಗೆಲ್ಲ ಸಾರಿದಳು.

ನಾಲ್ಕನೇ ತಿಂಗಳು ಶಶಿಕಲಾ ಮಗಳನ್ನು ಕರೆದುಕೊಂಡು ಗಿರಣಿಗೆ ಬಂದಳು. ಕಾಳು ತೂಗುವ ಯಂತ್ರದ ಮೇಲೆ ನಿಲ್ಲಿಸಿದಳು. ಎರಡೂವರೆ ಕಿಲೋ ಹೆಚ್ಚಾಗಿದ್ದಳು.

"ನಿಮ್ಮ ಮ್ಯಾಲಿನ ಸಿಟ್ಟು ಪೂರಾ ಹೋಗಿಲ್ಲ, ದೊಡ್ಡವ್ವ. ಸುಳ್ಳು ಯಾಕ ಹೇಳ್ಲಿ?" ಎಂದಳು. "ಆದ್ರ ಅವತ್ತ ನೀವು ಬಾಯಿ ಮುಚಗೊಂಡು ಕುಂತಿದ್ರ ಯಾರ ಬಂದು ಕೇಳ್ತಿದ್ರು? ಐದು ಮಂದಿ ಮುಂದ ಮಾನಾ ಬಿಟ್ಟು ಹೇಳಿದ್ರಿ. ಸಂಜಿಗೆ ದೀಪಾ ಹಚ್ಚೂ ಮುಂದ ದಿನಾ ನಿಮ್ಮ ಹೆಸರ ತಗೋತೀನಿ."

"ನಂದ್ಯಾಕ ತಗೋತಿ? ರೋಗಾ ಹುಡುಕಿದ ಆ ಡಾಕ್ಟರಮ್ಮಂದ ತಗೋ. ಎಲ್ಲಾರೂ ನಕ್ಕರೂ ಹಿಡದ ಹಟಾ ಬಿಡದ ನಿನ್ನ ನೀನ ನೆನಸಗೋ," ಎಂದಳು ಫಕೀರವ್ವ. "ನಮ್ಮ ದ್ಯಾಮವ್ವಗ ನಿಮ್ಮಂಥವರು ಒಬ್ಬರೂ ಸಿಗಲಿಲ್ಲ. ಇಕಿಗೆ ಸಿಕ್ರಿ. ನನ್ನ ಕಣ್ಣಿಲೆ ಅದನ್ನ ನೋಡಿದ್ನಲ್ಲ, ಅಷ್ಟ ಸಾಕವಾ."

ಶಶಿಕಲಾ ಕಟ್ಟೆಯ ಮೇಲೆ ಬುತ್ತಿಯ ಗಂಟು ಬಿಚ್ಚಿದಳು. ಫಕೀರವ್ವ ಬೀಸಿದ ಹಿಟ್ಟಿನ ರೊಟ್ಟಿ, ಬದನೆಕಾಯಿ ಪಲ್ಯ. ಸೃಷ್ಟಿ ಒಂದು ರೊಟ್ಟಿ ಮುಗಿಸಿ ಕೈ ಚಾಚಿದಳು.

"ಯವ್ವಾ, ಇನ್ನೊಂದು."

ಮಗಳು ಊಟಕ್ಕೆ ಬೇಡ ಅನ್ನುವುದನ್ನೇ ವರ್ಷಗಟ್ಟಲೆ ಕೇಳಿದ್ದ ಶಶಿಕಲಾ, ಗಂಟಿನಿಂದ ರೊಟ್ಟಿ ತೆಗೆಯುವುದನ್ನೇ ಮರೆತು ಕೂತಳು. ಫಕೀರವ್ವ ತಾನೇ ಒಂದು ರೊಟ್ಟಿ ಎತ್ತಿ ಕೂಸಿನ ಕೈಗೆ ಕೊಟ್ಟಳು.

"ಉಣ್ಣ, ನನ್ನವ್ವ. ಇದರಾಗ ಜೋಳಾ ಬಿಟ್ರ ಏನೂ ಇಲ್ಲ."

ನೀತಿ: ನಮ್ಮ ಹೊಟ್ಟೆಗೆ ಹಿಡಿಸಿದ್ದೆಲ್ಲ ಎಲ್ಲರ ಹೊಟ್ಟೆಗೂ ಹಿಡಿಸಬೇಕೆಂದಿಲ್ಲ. 'ನಮ್ಮ ಕಾಲದಲ್ಲಿ ಈ ರೋಗ ಇರಲಿಲ್ಲ' ಎನ್ನುವ ಮುಂಚೆ ಆ ಕಾಲದಲ್ಲಿ ಬದುಕಿ ಉಳಿಯದ ಮಕ್ಕಳನ್ನು ಒಮ್ಮೆ ನೆನೆಯಿರಿ. ಪ್ರೀತಿಯಿಂದ ಕೊಡುವುದನ್ನೂ ಕೇಳಿ ಕೊಡಿ. ಕೊಟ್ಟು ತಪ್ಪಿದರೆ ಮಾನಕ್ಕೆ ಅಂಜದೆ ಹೇಳಿಬಿಡಿ. ಒಂದು ನಿಜದ ಮಾತಿನಿಂದ ಒಂದು ಜೀವ ಉಳಿದೀತು.