ಬಾಗಿಲ ಬಳಿ ರಾಣಿಯ ಮಗ

ದೊಡ್ಡ ಮರದ ಪೊಟರೆಯೊಂದರಲ್ಲಿ ಸಾವಿರಾರು ತುಡುವೆ ಜೇನುಗಳು ದುಡಿಯುತ್ತಿದ್ದವು. ಕೆಲಸಕ್ಕೆ ಇಳಿಯುವ ಪ್ರತಿ ಜೇನಿಗೂ ಅಲ್ಲಿ ಮೊದಲ ಪಾಠ ಒಂದೇ: ಪತಂಗದ ಮರಿಹುಳುಗಳು ಮೇಣ ತಿಂದು ಪುಡಿ ಮಾಡಿದ ಪಕ್ಕದ ಮರದ ಜೇನುಹುಟ್ಟನ್ನು ಮೂಸಿ ನೋಡುವುದು, ಆ ವಾಸನೆಯನ್ನು ಸಾಯುವ ತನಕ ಮರೆಯದಿರುವುದು.

ಒಂದು ಬೆಳಿಗ್ಗೆ ಕೊಬ್ಬಿದ ಗಂಡುಜೇನೊಬ್ಬ ಅಂಥದೇ ಒಂದು ಪತಂಗವನ್ನು ಕರೆದುಕೊಂಡು ಬಾಗಿಲಿಗೆ ಬಂದ. ವಾಸನೆ ಬಡಿದದ್ದೇ ತಡ, ಕಾವಲಿನ ಚೂಪಿ ಅಡ್ಡ ನಿಂತಳು.

“ಇವರು ನನ್ನ ಅತಿಥಿ. ದಾರಿ ಬಿಡು.”

“ಬಿಡುವುದಿಲ್ಲ.”

ಪತಂಗ ಮೆಲ್ಲಗೆ ಒಂದು ಹನಿ ಮಕರಂದವನ್ನು ಅವಳ ಮುಂದಿಟ್ಟು, “ಒಂದು ಮೂಲೆ ಸಾಕು ತಾಯಿ, ಮೊಟ್ಟೆ ಇಟ್ಟು ಹೊರಟುಬಿಡುತ್ತೇನೆ,” ಎಂದಿತು. ಚೂಪಿ ಆ ಹನಿಯನ್ನು ಒದ್ದು ಕೆಳಗೆ ಬೀಳಿಸಿದಳು.

“ನಾನು ಯಾರು ಗೊತ್ತೇನೇ? ರಾಣಿಯ ಮಗ!” ಗಂಡುಜೇನು ಗುಡುಗಿದ.

“ಈ ಪೊಟರೆಯಲ್ಲಿ ರಾಣಿಯ ಮಕ್ಕಳಲ್ಲದವರು ಯಾರಿದ್ದಾರೆ? ನಾನೂ ಅವಳ ಮಗಳೇ.”

“ನಾಳೆಯೇ ನಿನ್ನನ್ನು ಇಲ್ಲಿಂದ ಎತ್ತಂಗಡಿ ಮಾಡಿಸುತ್ತೇನೆ!”

ಚೂಪಿ ಕೊಂಡಿ ಎತ್ತಿದಳು. “ಮಾಡಿಸಿ. ನನ್ನ ಜಾಗಕ್ಕೆ ಬರುವವಳೂ ಆ ಹುಟ್ಟನ್ನು ಮೂಸಿಯೇ ಬಂದಿರುತ್ತಾಳೆ.”

ಕೊಂಡಿ ಕಂಡ ಪತಂಗ ಹಾರಿಹೋಯಿತು. “ಎಲ್ಲರನ್ನೂ ಮೂಸುತ್ತೀಯಲ್ಲ, ನಿನ್ನನ್ನು ಮೂಸುವವರು ಯಾರು?” ಎಂದು ಗಂಡುಜೇನು ಹಂಗಿಸಿದ.

ಚೂಪಿ ಅವನ ಕಣ್ಣೆದುರೇ ಒಳಗೆ ಹೊರಟಳು. ಜೊತೆಯ ಕಾವಲುಗಾರ್ತಿ ತಕ್ಷಣ ಅಡ್ಡ ಬಂದಳು. “ನಿಲ್ಲಕ್ಕ, ನೀನು ಪತಂಗದ ಪಕ್ಕ ನಿಂತಿದ್ದೆ. ಮೊದಲು ಮೂಸಬೇಕು.”

ಚೂಪಿ ತಲೆಯೆತ್ತಿ ನಿಂತು ಮೂಸಿಸಿಕೊಂಡಳು. ಆಮೇಲೆ ಗಂಡುಜೇನಿನ ಕಡೆ ತಿರುಗಿ, “ಬನ್ನಿ, ಈಗ ನಿಮ್ಮ ಸರದಿ,” ಎಂದಳು.