ಕಣ್ಣಿನ ಶಿಬಿರದ ಕರಪತ್ರ

ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಿ ಕಾಗದ ಅಚ್ಚು ಹಾಕುತ್ತಿದ್ದ ಕಾಲವೊಂದಿತ್ತು, ಮಕ್ಕಳೇ. ಆಗ ಗದಗದ ಕಡೆಯ ಒಂದು ಸಣ್ಣ ಊರಿನ ಸರಕಾರಿ ದವಾಖಾನೆಯಲ್ಲಿ ಸುಲೋಚನಾ ಎಂಬ ನರ್ಸ್ ಇದ್ದಳು. ಸೂಜಿ ಚುಚ್ಚಿದ್ದು ಮಗುವಿಗೇ ಗೊತ್ತಾಗದಷ್ಟು ಹಗುರ ಕೈ ಅವಳದು. ಆದರೆ ಅಕ್ಷರವನ್ನು ಅಂದವಾಗಿ ಕೂರಿಸುವುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಒಂದು ವರ್ಷ ಆ ಊರಿಗೆ ಕಣ್ಣಿನ ಡಾಕ್ಟರು ಬರುವವರಿದ್ದರು. ಪೊರೆ ಬಂದು ಕಣ್ಣು ಮಬ್ಬಾದವರಿಗೆ ಪುಕ್ಕಟೆ ಆಪರೇಷನ್. ಸುತ್ತಲಿನ ಹಳ್ಳಿಗಳಿಗೆ ಹಂಚಲು ಕರಪತ್ರ ಮಾಡಿಸುವ ಕೆಲಸ ಸುಲೋಚನಾಳ ಪಾಲಿಗೆ ಬಂತು. ಅವಳು ಎರಡು ದಿನ ಕೂತು ಬರೆದಳು. ಮೇಲೆ ದೇವರ ಸ್ಮರಣೆ. ಅದರ ಕೆಳಗೆ ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಉಪಸ್ಥಿತಿ ಎಂದು ಊರಿನ ಇಪ್ಪತ್ತೊಂದು ಗಣ್ಯರ ಹೆಸರು. ಸುತ್ತಲೂ ನವಿಲಿನ ಅಂಚು, ನಾಲ್ಕು ಮೂಲೆಗೆ ನಾಲ್ಕು ಹೂವಿನ ಕುಂಡ. ಇಷ್ಟೆಲ್ಲ ಆದ ಮೇಲೆ ಕೆಳಗೆ ಒಂದು ಸಾಲಿನಷ್ಟು ಜಾಗ ಉಳಿದಿತ್ತು. ಶಿಬಿರ ಯಾವತ್ತು, ಎಲ್ಲಿ ಎಂಬುದನ್ನು ಅಲ್ಲಿ ತುರುಕಿದಳು.

ಊರಿನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು ಹಜರತಸಾಬರು. ಆ ಪ್ರೆಸ್ಸು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬಾಗಿಲಿಗೆ ಬಂದರೆ ಸಾಕು, ಶಾಯಿ ಮತ್ತು ಸೀಮೆಎಣ್ಣೆಯ ವಾಸನೆ. ಒಳಗೆ ಕಾಲಲ್ಲಿ ತುಳಿಯುವ ಯಂತ್ರದ ಧಡಕ್ ಧಡಕ್. ಸಾಬರು ಮಾತಾಡುತ್ತಲೇ, ಕೈಯತ್ತ ನೋಡದೆಯೇ, ಗೂಡುಗಳಿಂದ ಅಕ್ಷರ ಆರಿಸುತ್ತಿದ್ದರು. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ನಿಮ್ಮ ಫೋನಿನಲ್ಲಿ ನೂರು ನಮೂನೆಯ ಅಕ್ಷರಗಳಿವೆಯಂತೆ. ಸಾಬರ ಹತ್ತಿರ ಇದ್ದದ್ದು ಐದೇ ನಮೂನೆ, ಸುಲೋಚನಾ ಆ ಐದನ್ನೂ ಒಂದೇ ಕಾಗದದಲ್ಲಿ ಹಾಕಿಸಿದಳು. ಆದರೂ ಆ ವಾಸನೆ ಇನ್ನೊಮ್ಮೆ ಸಿಗಬಾರದೇ ಎಂದು ನನಗೆ ಎಷ್ಟೋ ಸಲ ಅನಿಸುತ್ತದೆ.

ಅವಳು ಬರೆದದ್ದನ್ನು ಸಾಬರು ಓದಿ, ಹೆಸರು ಸ್ವಲ್ಪ ಕಡಿಮೆ ಮಾಡಬಹುದಲ್ಲ ಎಂದರು. ಹಿರಿಯರ ಹೆಸರು ಬಿಟ್ಟು ಈ ಊರಲ್ಲಿ ಬಾಳಲಿಕ್ಕಾಗುತ್ತದೆಯೇ ಎಂದು ಅವಳು ಕೇಳಿದಳು. ಸಾಬರು ಅವಳು ಬರೆದಂತೆಯೇ ಅಚ್ಚು ಹಾಕಿಕೊಟ್ಟರು.

ಶಿಬಿರದ ದಿನ ವೇದಿಕೆಯ ಮೇಲೆ ಇಪ್ಪತ್ತೊಂದು ಜನ, ಕೆಳಗೆ ಒಂಬತ್ತು. ಡಾಕ್ಟರಿಗೆ ಬೇಸರವಾಯಿತು. ಬರುವ ವರ್ಷ ಇನ್ನೊಂದು ಸಲ ನೋಡುತ್ತೇವೆ, ಆಗಲೂ ನಲವತ್ತು ಜನರಾದರೂ ಬರದಿದ್ದರೆ ಬೇರೆ ಊರಿಗೆ ಹೋಗುತ್ತೇವೆ ಎಂದು ಹೇಳಿ ಹೊರಟುಬಿಟ್ಟರು. ಹಳ್ಳಿಹಳ್ಳಿಯಲ್ಲಿ ಗೋಡೆ ತಡವಿ ನಡೆಯುವ ಮುದುಕಿಯರನ್ನು ಸುಲೋಚನಾ ದಿನಾ ನೋಡುತ್ತಿದ್ದಳು. ಅವರನ್ನು ನೆನೆದು ಅವಳಿಗೆ ಅಳು ಬಂತು.

ಮರುವರ್ಷ ಶಿಬಿರಕ್ಕೆ ಒಂದು ತಿಂಗಳಿರುವಾಗಲೇ ಅವಳು ಪ್ರೆಸ್ಸಿಗೆ ಹೋಗಿ, ನನಗೆ ಕಲಿಸಿರಿ ಎಂದು ಸಾಬರನ್ನು ಕೇಳಿಕೊಂಡಳು. ಸಾಬರು ಪಾಠ ಶುರು ಮಾಡಲಿಲ್ಲ. ಒಂದು ತೆಳು ಬಿಳಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಣ್ಣಿಗೆ ಕಟ್ಟಿಕೊಳ್ಳಲು ಹೇಳಿ, ಹಳೆಯ ಕರಪತ್ರವನ್ನು ಕೈಗಿತ್ತರು.

“ಏನ್ ಕಾಣತೈತ್ರಿ ಬಾಯಾರ?”

“ನವಿಲು ಕಾಣ್ತಾವು, ಕಾಕಾ.”

“ಮತ್ತೇನು?”

ಅವಳು ಕಾಗದವನ್ನು ಕಣ್ಣಿಗೆ ಹತ್ತಿರ ತಂದಳು. ಉಳಿದದ್ದೆಲ್ಲ ಬೂದಿ ಬಳಿದಂತೆ ಕಾಣುತ್ತಿತ್ತು. ಕಣ್ಣು ಮಂಜಾದವರನ್ನು ಕರೆಯಲು, ಕಣ್ಣು ಚೆನ್ನಾಗಿದ್ದವರು ಮಾತ್ರ ಓದಬಲ್ಲ ಕಾಗದ ಕಳಿಸಿದ್ದೆನಲ್ಲ ಎಂದು ಅವಳಿಗೆ ಆಗ ತಿಳಿಯಿತು.

ಅಂದಿನಿಂದ ದಿನಾ ಸಂಜೆ ಕೆಲಸ ಮುಗಿಸಿ ಬಂದು ಕಲಿತಳು. ಕಾಗದ ಯಾರಿಗೆ, ಅವರಿಗೆ ಗೊತ್ತಾಗಲೇಬೇಕಾದ ಮಾತು ಯಾವುದು, ಇದನ್ನು ಮೊದಲು ಬಾಯಲ್ಲಿ ಹೇಳಲು ಬರಬೇಕು ಎಂದರು ಸಾಬರು. ಆ ಮಾತಿಗೆ ದೊಡ್ಡ ಅಕ್ಷರ, ಉಳಿದವಕ್ಕೆ ಸಣ್ಣದು. ಒಂದು ಕಾಗದಕ್ಕೆ ಒಂದು ನಮೂನೆ ಸಾಕು. ಇದೆಲ್ಲ ಅವಳಿಗೆ ಬೇಗ ತಲೆಗೆ ಹತ್ತಿತು. ಆದರೆ ಖಾಲಿ ಜಾಗ ಕಂಡರೆ ಮಾತ್ರ ಅವಳ ಕೈ ಸುಮ್ಮನಿರುತ್ತಿರಲಿಲ್ಲ, ಒಂದು ಹೂವನ್ನಾದರೂ ಇಡಲು ಹೋಗುತ್ತಿದ್ದಳು. ಒಂದು ದಿನ ಸಾಬರು ಅಕ್ಷರವೇ ಇಲ್ಲದ ಸೀಸದ ತುಂಡುಗಳನ್ನು ಅವಳ ಅಂಗೈಗೆ ಸುರಿದರು. ಕಾಗದದ ಮೇಲೆ ಬಿಳಿ ಉಳಿಯಬೇಕಾದ ಕಡೆಯೆಲ್ಲ ಅವನ್ನೇ ಇಡುವುದು.

“ಖಾಲಿ ಜಾಗಾ ತಾನ ಉಳಿಯೂದಿಲ್ರಿ ಬಾಯಾರ. ಅದನ್ನೂ ನಾವ ಕೈಲೆ ಜೋಡಸ್ತೀವಿ. ಕಣ್ಣಿಗೂ ಕುಂದ್ರಾಕ ಒಂದೀಟು ಜಾಗಾ ಬೇಕಲ್ಲ.”

ಕೊನೆಗೆ ಹೊಸ ಕರಪತ್ರ ಸಿದ್ಧವಾಯಿತು. ನಾಟಕದ ಪೋಸ್ಟರಿಗೆ ಬಳಸುವ ದೊಡ್ಡ ಮರದ ಅಚ್ಚಿನಲ್ಲಿ, ‘ಕಣ್ಣು ಮಂಜಾಗಿದೆಯೇ? ಸೋಮವಾರ ಶಾಲೆಗೆ ಬನ್ನಿ. ಪುಕ್ಕಟೆ.’ ಕೆಳಗೆ ಸಣ್ಣದಾಗಿ ತಾರೀಖು, ಹೊತ್ತು. ಸುತ್ತ ಬರೀ ಬಿಳಿ.

ಆದರೆ ಶಿಬಿರದ ಅಧ್ಯಕ್ಷರಾದ ದುಂಡನಗೌಡರು ಒಪ್ಪದೆ ಅದನ್ನು ಹಂಚುವಂತಿರಲಿಲ್ಲ. ಅವರದೊಂದು ಹೆಸರಾದರೂ ಹಾಕೋಣವೇ ಎಂದು ಸುಲೋಚನಾ ಹೊಯ್ದಾಡಿದಳು. ಒಬ್ಬರದು ಹಾಕಿದರೆ ಉಳಿದ ಇಪ್ಪತ್ತು ಜನರದೂ ಹಾಕಬೇಕು. ಎದೆ ಗಟ್ಟಿ ಮಾಡಿಕೊಂಡು ಹಾಗೆಯೇ ಒಯ್ದು ಕೊಟ್ಟಳು. ಗೌಡರು ಕಾಗದದ ಹಿಂದೆ ಮುಂದೆ ನೋಡಿ, ನನ್ನ ಹೆಸರೆಲ್ಲಿ ಎಂದು ಕೇಳಿದರು. ಇದನ್ನು ಹಂಚುವುದು ಬೇಡ ಎಂದರು.

ಗೌಡರ ತಾಯಿ ನೀಲಗಂಗವ್ವ ಪಡಸಾಲೆಯಲ್ಲಿ ಕೂತಿದ್ದಳು. ಹಿಂದೆ ದಿನಾ ಪುರಾಣ ಓದುತ್ತಿದ್ದವಳು, ಕಣ್ಣು ಮಂಜಾಗಿ ಐದು ವರ್ಷದಿಂದ ಪುಸ್ತಕ ಮುಟ್ಟಿರಲಿಲ್ಲ. ಅದೇನು ಕಾಗದ, ಕೊಡಿಲ್ಲಿ ಎಂದಳು. ಬಾಗಿಲ ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ಪೂರಾ ಓದಿದಳು. ಓದಿದ ಖುಷಿಗೆ ಮೊದಲಿನಿಂದ ಇನ್ನೊಮ್ಮೆ ಓದಿದಳು.

“ಹ್ವಾದ ವರ್ಷ ಇಂಥಾದ್ದು ಬಂದಿರಲಿಲ್ಲಲ್ಲೋ ದುಂಡಪ್ಪಾ.”

ಬಂದಿತ್ತು, ಸುತ್ತ ನವಿಲಿತ್ತು ಎಂದರು ಗೌಡರು.

“ಅದಾ? ಯಾರದೋ ಲಗ್ನಪತ್ರಿಕಿ ಅಂದ್ಕೊಂಡಿದ್ನೆಪಾ.”

ಗೌಡರು ತಲೆ ತಗ್ಗಿಸಿದರು. ಹೋದ ವರ್ಷ ಇಡೀ ದಿನ ವೇದಿಕೆಯ ಮೇಲೆ ಕೂತಿದ್ದರು, ಮನೆಯಲ್ಲಿದ್ದ ತಾಯಿಯ ಕಣ್ಣು ನೆನಪಾಗಿರಲಿಲ್ಲ. ಇದನ್ನೇ ಹಂಚಿರಿ ಎಂದು ಸುಲೋಚನಾಳಿಗೆ ಹೇಳಿದರು.

ಸೋಮವಾರ ಶಾಲೆಯ ಅಂಗಳ ತುಂಬಿಹೋಯಿತು. ಡಾಕ್ಟರು ಒಂದು ದಿನಕ್ಕೆಂದು ಬಂದವರು ಮೂರು ದಿನ ಉಳಿದರು. ಸಾಲಿನಲ್ಲಿ ಎಲ್ಲರಂತೆ ತಾಯಿಯ ಕೈ ಹಿಡಿದು ಗೌಡರೂ ನಿಂತಿದ್ದರು. ಒಂದೂವರೆ ತಿಂಗಳ ಮೇಲೆ ನೀಲಗಂಗವ್ವನಿಗೆ ದಪ್ಪ ಕನ್ನಡಕ ಬಂತು. ಹಾಕಿಕೊಂಡವಳು ಮೊದಲು ಮಗನ ಮುಖವನ್ನೇ ನೋಡಿದಳು, ಬಹಳ ಹೊತ್ತು ನೋಡಿದಳು.

“ನಿನ್ನ ಕೂದಲಾ ಇಷ್ಟ ಯಾವಾಗ ಬೆಳ್ಳಗಾದ್ವೊ, ಮಗನ?” ಎಂದಳು.

ನೀತಿ: ಏನನ್ನೇ ಬರೆದರೂ ಓದುವವರ ಕಣ್ಣಿನಿಂದ ಒಮ್ಮೆ ನೋಡಿ. ಅವರಿಗೆ ಬೇಕಾದ ಮಾತನ್ನು ದೊಡ್ಡದಾಗಿ ಹೇಳಿ. ಬೇಡದ್ದನ್ನು ಬಿಡುವ ಧೈರ್ಯ ಮಾಡಿ, ಬಿಡಬೇಕಾದದ್ದು ನಿಮ್ಮದೇ ಹೆಸರಾದರೂ ಸರಿ.